ಎತ್ತರದ ಗಾಡಿಗೆ ಮೆಟ್ಟಿಲು

"ಮೆಲ್ಲಗೆ ಹತ್ಸ್ರೀ, ಕಾಲು ಏಳ್ತಿಲ್ಲ." ಆಸ್ಪತ್ರೆಗೆ ಹೊರಟಾಗ ಕಾರಿನ ಬಾಗಿಲಲ್ಲಿ ನನ್ನ ಹೆಂಡತಿ ಆಡಿದ ಕೊನೇ ಮಾತದು. ಅವಳು ವಾಪಸ್ ಬರಲಿಲ್ಲ.

ಈಚೆಗೆ ಚಿಂತಾಮಣಿಯ ನನ್ನ ಗ್ಯಾರೇಜಿಗೆ ಪೆರೇಸಂದ್ರದವನೊಬ್ಬ ದುಬಾರಿ ಜೀಪು ತಂದ. ದೊಡ್ಡ ಟೈರು ಹಾಕಿ, ಸಸ್ಪೆನ್ಷನ್ ಎತ್ತರ ಮಾಡಿಕೊಟ್ಟೆ. ಗಾಡಿ ತಗೊಂಡು ಹೋಗೋಕೆ ತಾಯಿಯನ್ನೂ ಕರ್ಕೊಂಡು ಬಂದ. ಮುರುಗಮಲ್ಲದ ದರ್ಗಾಕ್ಕೆ ಹರಕೆ ಇತ್ತಂತೆ. ಆಯಮ್ಮನಿಗೆ ಹತ್ತೋಕೇ ಆಗಲಿಲ್ಲ.

"ಎತ್ತಿ ಕೂರಿಸ್ತೀನಿ ಬಾಮ್ಮ" ಅಂದ ಮಗ.

"ನಾನೇನು ರಾಗಿ ಮೂಟೇನೇನೋ? ನೀನೇ ಹೋಗ್ಬಾ" ಅಂತ ಆಯಮ್ಮ ಮುಖ ತಿರುಗಿಸಿದರು. ಕಣ್ಣು ತುಂಬಿತ್ತು.

"ಗಾಡಿ ಇಲ್ಲೇ ಬಿಡಪ್ಪ, ನಾಳೆ ಅಮ್ಮನ್ನ ಕರ್ಕೊಂಡು ಬಾ" ಅಂದೆ.

ಮಾರನೇ ಬೆಳಿಗ್ಗೆ ಬಾಗಿಲ ಕೆಳಗೆ ಅಗಲವಾದ ಮೆಟ್ಟಿಲು ಕೂರಿಸಿದೆ. ಆಯಮ್ಮ ತಾವೇ ಹತ್ತಿ ಕೂತು, ಕಿಟಕಿಯಿಂದ ನನ್ನ ನೋಡಿದರು.

"ಏನಪ್ಪಾ, ಒಂದೇ ದಿನಕ್ಕೆ ಇಷ್ಟು ಕುಳ್ಳಗಾಗ್ಬಿಟ್ಟೆ?"