ಎಡಗಡೆಯ ಭಾರ

ಐನಾಪುರದ ತಾತ್ಯಾಸಾಹೇಬ ಮಗದುಮ್ಮನ ಗಾಡಿಯನ್ನು ಕಾಗವಾಡದಿಂದ ಅಥಣಿಯವರೆಗೆ ಗುರುತಿಸದವರಿಲ್ಲ. ಕಪ್ಪು ಬಣ್ಣದ ಹಳೇ ಬಿಎಸ್‌ಎ ಮೋಟಾರ್‌ಸೈಕಲ್ಲು, ಅದರ ಎಡಕ್ಕೆ ತಗಡಿನ ಸೈಡ್‌ಕಾರು. ಊರವರು ಅದನ್ನು ತೊಟ್ಟಿಲು ಎಂದೇ ಕರೆಯುತ್ತಾರೆ. ಆ ತೊಟ್ಟಿಲಿನಲ್ಲಿ ಕೆಂಪು ರೆಕ್ಸಿನ್ನಿನ ಮೆತ್ತನೆಯ ಸೀಟಿದೆ, ಬಿಸಿಲಿಗೆ ಕ್ಯಾನ್ವಾಸಿನ ಮರೆ ಇದೆ, ಹತ್ತುವುದಕ್ಕೆ ಮೆಟ್ಟಿಲಿದೆ. ಕೂರುವವರು ಮಾತ್ರ ಇಲ್ಲ. ಕಾಲಿಡುವ ಜಾಗದಲ್ಲಿ ಏಳೆಂಟು ಕರೀ ಕಲ್ಲುಗಳಿವೆ. "ಕಲ್ಲ ಯಾಕ ಹೊತ್ಕೊಂಡ ತಿರಗ್ತೀರಿ ಸಾಹೇಬ್ರ?" ಎಂದು ಯಾರಾದರೂ ಕೇಳಿದರೆ ತಾತ್ಯಾಸಾಹೇಬ ಕಿಕ್ ಹೊಡೆದು ಹೋಗಿಬಿಡುತ್ತಾನೆ. ಮಾತಿಗೆ ಎಂದೂ ಬರಗಾಲವಿಲ್ಲದ ಮನುಷ್ಯ ಅವನು. ಒಂದು ದಿನ ಸ್ವಲ್ಪ ಕಡಿಮೆ ಮಾತಾಡಿದ್ದರೆ ಒಳ್ಳೆಯದಿತ್ತು. ಆಮೇಲೆ ಎಂದಾದರೂ ಒಂದೇ ಒಂದು ಮಾತು ಹೆಚ್ಚಿಗೆ ಆಡಿದ್ದರೂ ಒಳ್ಳೆಯದಿತ್ತು. ಎರಡೂ ಅವನ ಕೈಲಾಗಲಿಲ್ಲ.

ಗಾಡಿ ಅವನ ಕೈಗೆ ಬಂದದ್ದು ಎಂಬತ್ತನೇ ಇಸವಿಯಲ್ಲಿ. ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂಟೆಗಳ ಹಿಂದೆ ಇಪ್ಪತ್ತು ವರ್ಷ ಮಲಗಿತ್ತು. ಮಿಲಿಟರಿ ಹರಾಜಿನಲ್ಲಿ ವ್ಯಾಪಾರಿಯ ತಂದೆ ತಂದದ್ದಂತೆ. ಎಂಜಿನ್ ಜಾಮ್ ಆಗಿತ್ತು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನುಷ್ಯ, ಬೇಕೆಂದರೆ ಹೊಸ ಗಾಡಿಯನ್ನೇ ಕೊಳ್ಳಬಹುದಿತ್ತು. ಆದರೆ ಕೆಟ್ಟದ್ದನ್ನು ಸರಿ ಮಾಡುವುದೆಂದರೆ ತಾತ್ಯಾಸಾಹೇಬನಿಗೆ ಮದುವೆಯ ಊಟಕ್ಕಿಂತ ಹೆಚ್ಚು. ಕಬ್ಬಿನ ಟ್ರೇಲರಿನಲ್ಲಿ ಅದನ್ನು ಹೇರಿಕೊಂಡು ಬಂದ. ಕಾಗವಾಡದಲ್ಲಿ ಗ್ಯಾರೇಜ್ ಇಟ್ಟಿದ್ದ ದಶರಥನನ್ನು ಜೊತೆಗೆ ಹಾಕಿಕೊಂಡು ಎಂಟು ತಿಂಗಳು ಅದರ ಬೆನ್ನು ಹತ್ತಿದ. ಕೊಲ್ಹಾಪುರದ ಗುಜರಿಯಲ್ಲಿ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಹುಡುಕಿದ. ಸಾಂಗಲಿಯಲ್ಲಿ ಲೇಥಿನವನ ಎದುರು ಮೂರು ದಿನ ಕೂತು ಪಿಸ್ಟನ್ ಪಿನ್ನು ಮಾಡಿಸಿದ. ಕ್ಲಚ್ ಪ್ಲೇಟಿಗೆ ಬೆಂಡಿನ ಬಿಲ್ಲೆಗಳನ್ನು ತಾನೇ ಕೊರೆದು ಕೂರಿಸಿದ. ಆಮೇಲೂ ಎರಡು ವರ್ಷ, ಎಂಜಿನ್ ಕಾದಾಗಲೆಲ್ಲ ತಂಬಾಕಿನ ವಾಸನೆ ಬರುತ್ತಿತ್ತು. "ನಿಮ್ಮ ಗಾಡಿ ಬೀಡಿ ಸೇದತೈತ್ರಿ" ಎಂದು ಹೆಂಡತಿ ಕುಸುಮ ನಗುತ್ತಿದ್ದಳು.

ಸೈಡ್‌ಕಾರಿನ ಗಾಡಿ ಓಡಿಸುವುದು ಬರಿ ಮೋಟಾರ್‌ಸೈಕಲ್ ಓಡಿಸಿದ ಹಾಗಲ್ಲ. ಎಕ್ಸಲರೇಟರ್ ತಿರುವಿದರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ. ಮೈ ವಾಲಿಸಿ ತಿರುಗಿಸುತ್ತೇನೆಂದರೆ ಕೇಳುವುದಿಲ್ಲ, ಹ್ಯಾಂಡಲ್ ಹಿಡಿದು ರಟ್ಟೆಯಿಂದಲೇ ತಿರುಗಿಸಬೇಕು. ತಿಂಗಳಿಗೊಮ್ಮೆ ಗಾಲಿಗಳ ಓರೆ ನೋಡಬೇಕು. ಎರಡು ನೆಟ್ಟನೆಯ ಬಿದಿರಿನ ಗಳಗಳನ್ನು ತಂದು, ಒಂದನ್ನು ಮೋಟಾರ್‌ಸೈಕಲ್ಲಿನ ಎರಡೂ ಗಾಲಿಗೆ, ಇನ್ನೊಂದನ್ನು ತೊಟ್ಟಿಲಿನ ಗಾಲಿಗೆ ತಾಗಿಸಿ ಹಿಡಿದರೆ, ಮುಂದಿನ ಅಂತರ ಹಿಂದಿನದಕ್ಕಿಂತ ಒಂದು ಬೆರಳು ಕಡಿಮೆ ಇರಬೇಕು. ಗಳದ ಆಚೆ ತುದಿ ಹಿಡಿಯುವವಳು ಕುಸುಮ. ಇಷ್ಟೆಲ್ಲ ಸರಿಯಿದ್ದರೂ ಒಂದು ಕಾಟ ತಪ್ಪಿದ್ದಲ್ಲ. ತೊಟ್ಟಿಲು ಖಾಲಿ ಇದ್ದರೆ ಎಡಗಡೆಯ ತಿರುವಿನಲ್ಲಿ ಅದರ ಗಾಲಿ ನೆಲ ಬಿಟ್ಟು ಏಳುತ್ತದೆ. ಅಲ್ಲಿ ಏನಾದರೂ ಭಾರ ಇರಲೇಬೇಕು.

ಅದೇ ವರ್ಷ ಒಬ್ಬಳೇ ಮಗಳ ಮದುವೆಯಾಗಿತ್ತು. ಮನೆಯಲ್ಲಿ ಇಬ್ಬರೇ. ತಾತ್ಯಾಸಾಹೇಬ ಎಲ್ಲಿಗೆ ಹೊರಟರೂ ತೊಟ್ಟಿಲನ್ನು ಒರೆಸಿ "ಬಾ" ಎನ್ನುತ್ತಿದ್ದ. ಕುಸುಮ ಸೆರಗು ಬಿಗಿದು ಕೂತರೆ ರಾಯಬಾಗ, ಚಿಂಚಲಿ, ಸತ್ತಿಯ ಹೊಳೆದಂಡೆ, ಒಂದು ಸಲ ಚಿಕ್ಕೋಡಿ ದಾಟಿ ಸ್ತವನಿಧಿಯ ಬಸದಿ. ಮೂವತ್ತು ವರ್ಷ ಒಲೆ, ದ್ರಾಕ್ಷಿ ಬಳ್ಳಿ, ಊರ ಬಸದಿ ಬಿಟ್ಟು ಬೇರೆ ಕಾಣದವಳು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳದು. ಅದಕ್ಕೇ ಬೆರಳಿನ ಉಂಗುರದಿಂದ ತಗಡಿನ ಮೇಲೆ ತಟ್ಟುತ್ತಿದ್ದಳು. ಒಂದು ತಟ್ಟಿದರೆ ಸಾವಕಾಶ, ಎರಡು ತಟ್ಟಿದರೆ ನಿಲ್ಲಿಸು. ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮಾಡಬೇಕಾದಾಗ ಬಡಬಡ ತಟ್ಟುತ್ತಿದ್ದಳು. ಒಮ್ಮೊಮ್ಮೆ ಏನೂ ಕಾರಣವಿಲ್ಲದೆ ಮೂರು ಸಲ ತಟ್ಟಿ ಸುಮ್ಮನಾಗುತ್ತಿದ್ದಳು. ಅದರ ಅರ್ಥವೇನೆಂದು ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನಿಗೆ ಮಾತ್ರ ಆ ಮೂರು ತಟ್ಟು ಕೇಳಿದ ದಿನ ದಾರಿ ಉದ್ದ ಅನ್ನಿಸುತ್ತಿರಲಿಲ್ಲ.

ನಾಲ್ಕು ವರ್ಷ ಹೀಗೆ ಕಳೆಯಿತು. ಎಂಬತ್ತನಾಲ್ಕರ ಚಳಿಗಾಲದಲ್ಲಿ ಒಂದು ದಿನ ಚೈನಿಗೆ ಕೊಂಡಿ ಹಾಕಿಸಲು ದಶರಥನ ಗ್ಯಾರೇಜಿಗೆ ಹೋಗಿದ್ದರು. ಕುಸುಮ ಕುಡಿಯುವ ನೀರು ತರಲು ಎದುರು ಮನೆಗೆ ಹೋದಳು. ಗ್ಯಾರೇಜಿನಲ್ಲಿ ಚಹ ಕುಡಿಯುತ್ತ ನಾಲ್ಕಾರು ಮಂದಿ ಕೂತಿದ್ದರು. ಅವರಲ್ಲಿ ಮೊಳೆ ಊರಿನ ಬಾಬಾಸಾಹೇಬ ಎಂಬ ದ್ರಾಕ್ಷಿ ಬೆಳೆಗಾರ ನಾಲಿಗೆ ತುರಿಕೆಯವನು.

"ಏನೋ ತಾತ್ಯಾ, ಹೆಂಡ್ತೀನ್ನ ಬಿಟ್ಟ ಒಂದ ಹೆಜ್ಜಿ ಹೊಂಡೂದಿಲ್ಲಲೋ ನೀ! ಈ ವಯಸ್ಸಿನ್ಯಾಗ ಏನ್ ಹುಚ್ಚೋ ಇದು?"

ಎಲ್ಲರೂ ಇವನ ಮುಖ ನೋಡಿದರು. ತಾತ್ಯಾಸಾಹೇಬನ ಕಿವಿ ಬಿಸಿಯಾಯಿತು. ಹೌದು, ಹುಚ್ಚು, ಏನೀಗ ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ನಾಲ್ಕು ಗಂಡಸರ ನಡುವೆ ಹಾಗೆನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಬೇಕು.

"ಹುಚ್ಚಲ್ಲೋ ಮಾರಾಯಾ, ಲೆಕ್ಕ!" ಎಂದ ಇವನು. "ತೊಟ್ಟಲಾ ಖಾಲಿ ಇದ್ರ ಎಡಕ ಹೊಳ್ಳೂವಾಗ ಗಾಲಿ ಏಳತೈತಿ. ಭಾರ ಬೇಕಲ್ಲ? ಉಸುಕಿನ ಚೀಲಾದ್ರ ದಿನಾ ನಾನ ಎತ್ತಿ ಇಡಬೇಕು. ಇಕಿ ಆದ್ರ ತಾನ ಹತ್ತಿ ಕುಂದರ್ತಾಳ!"

ಗ್ಯಾರೇಜು ಹಾರಿಹೋಗುವ ಹಾಗೆ ನಗು. ಬಾಬಾಸಾಹೇಬನಿಗಂತೂ ಚಹ ನೆತ್ತಿಗೇರಿತು. ತಾತ್ಯಾಸಾಹೇಬನೂ ನಕ್ಕ, ಗೆದ್ದವನ ಹಾಗೆ ಸುತ್ತ ನೋಡಿದ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಕುಸುಮ ನಿಂತಿದ್ದಳು. ತಂಬಿಗೆಯನ್ನು ಅವನ ಕೈಗೆ ಕೊಟ್ಟಳು, ಹೋಗಿ ತೊಟ್ಟಿಲಿನಲ್ಲಿ ಕೂತಳು. ಐನಾಪುರದವರೆಗೂ ಒಂದು ಸಲವೂ ತಗಡು ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ತಾತ್ಯಾಸಾಹೇಬ ಉಗಾರಕ್ಕೆ ಹೊರಟು ಗಾಡಿಯ ಹತ್ತಿರ ಬಂದರೆ ತೊಟ್ಟಿಲಿನ ಸೀಟಿನ ಮೇಲೆ ಒಂದು ಚೀಲ ಕೂತಿದೆ. ಹೊಳೆಯ ಉಸುಕು ತುಂಬಿ, ದಬ್ಬಣದಿಂದ ಬಾಯಿ ಹೊಲಿದು, ಅಚ್ಚುಕಟ್ಟಾಗಿ ಒರಗಿಸಿದ್ದಾರೆ. ದ್ರಾಕ್ಷಿ ತೋಟದ ಆಳು ತುಳಸವ್ವ ಕೈಯ ಉಸುಕು ಝಾಡಿಸಿಕೊಳ್ಳುತ್ತ ಪಕ್ಕಕ್ಕೆ ಸರಿದಳು. ಕುಸುಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ದ್ರಾಕ್ಷಿ ಕಾಟಾದ ಮ್ಯಾಲ ತೂಗಿ ತುಂಬೇನ್ರಿ. ನಲವತ್ತೆಂಟ ಕಿಲೋ ಐತಿ, ನನ್ನಷ್ಟ. ತುಳಸವ್ವ ನಾನೂ ಕೂಡಿ ಎತ್ತಿ ಇಟ್ಟೇವಿ. ಅಲ್ಲೇ ಇರ್ಲಿ ಬಿಡ್ರಿ, ದಿನಾ ಎತ್ತೂ ತ್ರಾಸ ನಿಮಗ ಬ್ಯಾಡ."

ಸಿಟ್ಟಿಲ್ಲ, ಅಳು ಇಲ್ಲ. ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು. ತಾತ್ಯಾಸಾಹೇಬ ಅಂಗಳದಲ್ಲಿ ನಿಂತು, ಎಂಟು ದಿನ ಬಿಟ್ಟರೆ ತಾನೇ ತಣ್ಣಗಾಗುತ್ತಾಳೆ ಎಂದುಕೊಂಡ. ಕಿಕ್ ಹೊಡೆದ. ಅವತ್ತು ಎಡಗಡೆಯ ಒಂದು ತಿರುವಿನಲ್ಲೂ ಗಾಲಿ ಏಳಲಿಲ್ಲ.

ಎಂಟು ದಿನವಾಯಿತು, ಎಂಟು ತಿಂಗಳಾಯಿತು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಮಾತಿಗೆ ಮಾತು, ನಗುವೂ ಇತ್ತು. ತಿಂಗಳಿಗೊಮ್ಮೆ ಗಾಲಿಯ ಓರೆ ನೋಡುವಾಗ ಗಳದ ತುದಿ ಹಿಡಿಯಲು ಅವಳೇ ಬರುತ್ತಿದ್ದಳು, "ಇನ್ನ ಒಂದ ನೂಲ ಒಳಗ ತಗೋರಿ" ಎಂದು ಹೇಳುತ್ತಿದ್ದಳು. ಗಾಡಿ ಹೊರಡುವ ಹೊತ್ತಿಗೆ ಮಾತ್ರ ಒಳಗೆ ಏನೋ ಕೆಲಸವಿರುತ್ತಿತ್ತು.

ತಾತ್ಯಾಸಾಹೇಬನಿಗೆ ತಪ್ಪು ತಿಳಿದಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ತಿಳಿದಿತ್ತು. ಅದನ್ನು ರಿಪೇರಿ ಮಾಡಲು ಅವನು ಹಿಡಿದ ದಾರಿಯೇ ಬೇರೆ. ಪಾನಾ, ಇಕ್ಕಳ ಕೈಗೆತ್ತಿಕೊಂಡ. ಮೊದಲು ಸೀಟಿಗೆ ಮಿರಜಿನಿಂದ ಕೆಂಪು ರೆಕ್ಸಿನ್ ತಂದು ಹೊಲಿಸಿದ. ಮರುವರ್ಷ ಬಿಸಿಲಿಗೆಂದು ಕ್ಯಾನ್ವಾಸಿನ ಮರೆ. ಆಮೇಲೆ ಕುಲುಕಬಾರದೆಂದು ಅಡಿಯಲ್ಲಿ ಹೊಸ ಸ್ಪ್ರಿಂಗು. ಅವಳ ಮಂಡಿ ನೋಯತೊಡಗಿದ ವರ್ಷ ಹತ್ತಲು ಮೆಟ್ಟಿಲು ಕೂರಿಸಿದ. ಪ್ರತಿಯೊಂದು ಮುಗಿದಾಗಲೂ ಕುಸುಮಳನ್ನು ಕರೆದು ತೋರಿಸುತ್ತಿದ್ದ. ಅವಳು ಕೈಯಾಡಿಸಿ ನೋಡಿ "ಚಲೋ ಆಗೈತ್ರಿ" ಎನ್ನುತ್ತಿದ್ದಳು. ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದಳು. ಇವನೂ ನಿಲ್ಲುತ್ತಿದ್ದ. ಇಷ್ಟು ಮಾಡಿದ್ದೇನೆ, ತಾನಾಗಿ ಹತ್ತಿ ಕೂರಬಾರದೇ ಎಂದು ಇವನ ಲೆಕ್ಕ. ಆಮೇಲೆ ಅವಳು ಒಳಗೆ ಹೋಗುತ್ತಿದ್ದಳು, ಇವನು ಹೊಸ ರೆಕ್ಸಿನ್ನಿನ ಮೇಲೆ ಉಸುಕಿನ ಚೀಲ ಇಡುತ್ತಿದ್ದ. ಹರಿದ ಚೀಲ ಬದಲಾಗುತ್ತಿತ್ತು, ತೂಕ ಬದಲಾಗುತ್ತಿರಲಿಲ್ಲ. ಇಂಥ ಜಾಣ ಮೆಕ್ಯಾನಿಕ್‌ಗೆ ಏನು ಹೇಳೋಣ!

ಎಂಬತ್ತೊಂಬತ್ತರಲ್ಲಿ ಒಂದು ಅಮಾವಾಸ್ಯೆಗೆ ಕುಸುಮ ಸ್ತವನಿಧಿಗೆ ಹೋಗುತ್ತೇನೆಂದು ಹೊರಟಳು, ಕೆಂಪು ಬಸ್ಸಿನಲ್ಲಿ. ತಾತ್ಯಾಸಾಹೇಬನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಗಾಡಿ ತೆಗೆದ. ಚಿಕ್ಕೋಡಿಯಲ್ಲಿ ಬಸ್ಸನ್ನು ಹಿಡಿದವನು ಅಲ್ಲಿಂದ ನಿಪ್ಪಾಣಿಯವರೆಗೂ ಅದರ ಹಿಂದೆ ಧೂಳು ತಿನ್ನುತ್ತ ಹೋದ. ಹಿಂದಿನ ಸೀಟಿನವರಿಗೆಲ್ಲ ತಮಾಷೆ. ಗಾಗಲ್ ಹಾಕಿದ ಒಬ್ಬ ಮುದುಕ, ಪಕ್ಕದಲ್ಲಿ ರಾಜನ ಹಾಗೆ ಕೂತ ಚೀಲ! ಕುಸುಮ ಕಿಟಕಿಯಿಂದ ಒಮ್ಮೆ ಹಿಂದಿರುಗಿ ನೋಡಿದಳು. ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಅವಳು ಇಳಿದಾಗ ಇವನು ಎದುರಿಗೇ ನಿಂತಿದ್ದ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದ.

"ಬಸ್ಸಿನ್ಯಾಗ ಗರ್ದಿ ಇತ್ತೇನ?" ಎಂದ.

"ಇಲ್ರಿ, ಜಾಗಾ ಸಿಕ್ತು" ಎಂದಳು. ತೊಟ್ಟಿಲನ್ನು ನೋಡಿದಳು, ಮತ್ತೆ ಇವನನ್ನು ನೋಡಿದಳು. ಸ್ತವನಿಧಿಯ ಬಸ್ಸು ಬಂತು. ಹತ್ತಿ ಹೋದಳು.

ತೊಂಬತ್ತಮೂರರಲ್ಲಿ ಅವಳಿಗೆ ಹೊಟ್ಟೆಯ ಬೇನೆ ಶುರುವಾಯಿತು. ಅನ್ನ ಸೇರಲಿಲ್ಲ. ಮೂರೇ ತಿಂಗಳಿಗೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮಿರಜಿನ ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದು ಅಥಣಿಯ ಡಾಕ್ಟರ್ ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ನಿಲ್ಲುವ ಶಕ್ತಿ ಅವಳಿಗಿರಲಿಲ್ಲ. ಪಕ್ಕದ ಮನೆಯ ಜೀಪು ಪರ ಊರಿಗೆ ಹೋಗಿತ್ತು. ತಾತ್ಯಾಸಾಹೇಬ ಚೀಲವನ್ನು ಕಟ್ಟೆಯ ಮೇಲೆ ಇಳಿಸಿದ, ಸೀಟು ಒರೆಸಿದ. ಆಗಲೂ "ಬಾ" ಎನ್ನಲಿಲ್ಲ. "ಗಾಡಿ ತಗದೇನಿ" ಎಂದ. ಮೆಟ್ಟಿಲು ಹತ್ತಲು ಅವಳ ಕಾಲು ಮೇಲೇಳಲಿಲ್ಲ. ಒಂಬತ್ತು ವರ್ಷದ ಕೆಳಗೆ ತಾನೇ ಹತ್ತಿ ಕೂರುತ್ತಾಳೆ ಎಂದವನು ಅವತ್ತು ಅವಳನ್ನು ಎರಡೂ ಕೈಯಲ್ಲಿ ಎತ್ತಿ ಕೂರಿಸಿದ. ಎತ್ತಿದಾಗ ಅವನ ರಟ್ಟೆಗೆ ಏನೂ ತಿಳಿಯಲಿಲ್ಲ, ಅಷ್ಟು ಹಗುರಾಗಿದ್ದಳು.

ಕಾಗವಾಡ ದಾಟಿತು, ದಶರಥನ ಗ್ಯಾರೇಜು ಹಿಂದೆ ಬಿತ್ತು. ತಗಡಿನ ಮೇಲೆ ಒಂದಾದರೂ ತಟ್ಟು ಕೇಳೀತೇ ಎಂದು ಕಿವಿ ಎಡಕ್ಕೇ ಇತ್ತು. ಕಬ್ಬಿನ ಹೊಲಗಳ ನಡುವೆ ರಸ್ತೆ ಎಡಕ್ಕೆ ಹೊರಳುತ್ತದೆ. ಹೊರಳಿಸಿದ. ತೊಟ್ಟಿಲಿನ ಗಾಲಿ ನೆಲ ಬಿಟ್ಟು ಎದ್ದಿತು.

ಒಂದು ಕ್ಷಣ ಕುಸುಮ ಗಾಳಿಯಲ್ಲಿದ್ದಳು. ಹೇಗೋ ಹ್ಯಾಂಡಲ್ ನೆಟ್ಟಗೆ ಮಾಡಿ ಇಳಿಸಿಕೊಂಡ, ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಬಂದ್ ಮಾಡಿದ.

ಕುಸುಮ ಅವನ ಕಡೆ ತಿರುಗಿದಳು. ಚುಚ್ಚುವ ದನಿಯಲ್ಲ ಅದು, ನಿಜವಾಗಿಯೂ ಚಿಂತೆ.

"ಭಾರ ಸಾಲಲಿಲ್ಲೇನ್ರಿ? ಚೀಲಾನೂ ತರಬೇಕಾಗಿತ್ತು."

ತಾತ್ಯಾಸಾಹೇಬ ಇಳಿದು ಬಂದು ತೊಟ್ಟಿಲಿನ ಅಂಚು ಹಿಡಿದು ಧೂಳಿನಲ್ಲೇ ಕೂತುಬಿಟ್ಟ. ಅರವತ್ತರ ಗಂಡಸು, ಹಾದುಹೋಗುವ ಕಬ್ಬಿನ ಗಾಡಿಗಳವರೆಲ್ಲ ನೋಡುತ್ತಿದ್ದರೂ ಮಗುವಿನ ಹಾಗೆ ಅತ್ತ.

"ಅವತ್ತ ದಶರಥನ ಗ್ಯಾರೇಜಿನ್ಯಾಗ ಅಂದದ್ದು ಖರೇ ಅಲ್ಲ ಕುಸುಮಾ. ನಿನ್ನ ಭಾರಕ್ಕ ಕರ್ಕೊಂಡ ತಿರಗಲಿಲ್ಲ. ಮಂದಿ ನಗತಾರಂತ ಅಂದೆ."

"ಗೊತ್ತೈತ್ರಿ" ಎಂದಳು ಅವಳು.

"ಗೊತ್ತಿತ್ತ?"

"ಆವಾಗ್ಲೇ ಗೊತ್ತಿತ್ತು. ನಿಮ್ಮನ್ನ ನಾ ಅರೀಯೆ ಏನ್?" ಉಸಿರು ಎಳೆದುಕೊಂಡಳು. "ಮದಲ ಬಾ ಅಂತಿದ್ರಿ. ಆಮ್ಯಾಲ ಸೀಟ ತೋರಿಸಿದ್ರಿ, ಸ್ಪ್ರಿಂಗ್ ತೋರಿಸಿದ್ರಿ. ನಿಪ್ಪಾಣಿತನಾ ಬೆನ್ನ ಹತ್ತಿ ಬಂದ್ರಿ. ಒಮ್ಮೆ ಬಾ ಅಂದಿದ್ರ ಬರ್ತಿದ್ನಿ."

ಒಂಬತ್ತು ವರ್ಷ. ಎಷ್ಟು ಅಮಾವಾಸ್ಯೆ, ಎಷ್ಟು ಸಂತೆ, ಎಷ್ಟು ಸಂಜೆಗಳ ದಾರಿ. ಎಲ್ಲ ಒಂದು ಅಕ್ಷರಕ್ಕಾಗಿ ನಿಂತಿತ್ತು, ಅದನ್ನು ಅವನು ಆಡಿರಲಿಲ್ಲ.

"ಏಳ್ರಿ" ಎಂದಳು ಕುಸುಮ. "ಡಾಕ್ಟರ್ ಎದ್ದ ಹೋಗ್ತಾರ. ಅಲ್ಲೇ ಬದುವಿನ ಮ್ಯಾಲ ಕಲ್ಲ ಅದಾವು ನೋಡ್ರಿ, ನಾಕ ತಂದ ಇಡ್ರಿ. ಇನ್ನೂ ತಿರುವ ಅದಾವು."

ತಾತ್ಯಾಸಾಹೇಬ ಬದುವಿಗೆ ಹೋಗಿ ಒಂದೊಂದಾಗಿ ಏಳೆಂಟು ಕರೀ ಕಲ್ಲು ತಂದ. ಜಾಗ ಮಾಡಿಕೊಡಲು ಕುಸುಮ ಕಾಲುಗಳನ್ನು ಮೇಲಕ್ಕೆಳೆದು ಮುದುರಿಕೊಂಡು ಕೂತಳು. ಕಲ್ಲಿಟ್ಟ ಮೇಲೆ ಅವನು ಕಿಕ್ ಹೊಡೆದು ಮಿರಜಿನ ಕಡೆ ಸಾವಕಾಶ ಹೊರಟ. ಉಳಿದ ತಿರುವುಗಳಲ್ಲಿ ಗಾಲಿ ಏಳಲಿಲ್ಲ. ಮಿರಜು ಹತ್ತಿರ ಬಂದಾಗ ತಗಡಿನ ಮೇಲೆ ಉಂಗುರದ ಸದ್ದು ಕೇಳಿತು, ಮೂರು ಸಲ. ಆ ವರ್ಷದ ದೀಪಾವಳಿಗೆ ಮೊದಲೇ ಅವಳು ತೀರಿಕೊಂಡಳು.