ಏಳು ಮುಚ್ಚಳ, ಏಳು ಸಂಖ್ಯೆ

ಸೋಮವಾರ, ಬೆಳಗಿನ ಜಾವ ಐದೂಕಾಲು. ದೃಷ್ಟಿಮಾಂದ್ಯ ಮಕ್ಕಳ ಶಾಲೆಯ ಹಿಂಬದಿಯ ಕೋಣೆಯಲ್ಲಿ ಏಳು ಹಳೆಯ ಇಂಕ್‌ಜೆಟ್ ಪ್ರಿಂಟರ್‌ಗಳು ಎರಡು ಉದ್ದ ಮೇಜುಗಳ ಮೇಲೆ ಸಾಲಾಗಿ ಕುಳಿತಿವೆ. ಐವತ್ತೊಂದು ವರ್ಷದ ಹೆಂಗಸೊಬ್ಬರು ಒಂದೊಂದರ ಸ್ವಿಚ್ ಒತ್ತುತ್ತಾರೆ, ಒಳಗೆ ಮಸಿ ಚಿಮ್ಮುವ ತಲೆ ಎಡದಿಂದ ಬಲಕ್ಕೆ ಓಡಿ ಮರಳುವ ಸದ್ದಿಗೆ ಕಿವಿಗೊಡುತ್ತಾರೆ, ಸರಿಯೆನಿಸಿದ ಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಐದನೆಯದರ ಹತ್ತಿರ ನಿಂತು ಅದರ ಬೆನ್ನಿಗೆ ಎರಡು ಸಲ ಬಡಿಯುತ್ತಾರೆ. "ಇವನು ಮಾತ್ರ ತಟ್ಟದೇ ಏಳಲ್ಲ. ನಮ್ಮನೆಯವರ ಥರ."

ಶಾಲೆಯಲ್ಲಿ ಎಲ್ಲರಿಗೂ ಅವರು ಚುಕ್ಕಿ ಅಕ್ಕ. ಇಂದು ಉಳಿದಿರುವುದು ತೊಂಬತ್ತು ಪುಟ. ಹತ್ತಕ್ಕೆ ಗಂಟೆ ಬಾರಿಸಿದಾಗ, ರಜೆ ಮುಗಿಸಿ ಬರುವ ಇಪ್ಪತ್ಮೂರು ಮಕ್ಕಳ ಕೈಗೆ ದೊಡ್ಡಕ್ಷರದ ಗಣಿತ ಪುಸ್ತಕ ಬರಬೇಕು. ಕಳೆದ ವರ್ಷ ಗಣಿತದ ಪುಸ್ತಕ ಸಿದ್ಧವಾಗಲೇ ಇಲ್ಲ. ಶಿಕ್ಷಕರು ಪಾಠವನ್ನು ಓದಿ ಹೇಳಿದರು. ಗ್ರಾಫ್ ಬಂದಾಗ ಪುಟ ತಿರುವಿದರು. ಗ್ರಾಫನ್ನು ಯಾರೂ ಓದಿ ಹೇಳಲಾರರು.

ಅಕ್ಕ ಬೆಳಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಮಾತ್ರ ಮುದ್ರಿಸುತ್ತಾರೆ. ಗೋಡೆಯಾಚೆ ಲೇತ್ ಯಂತ್ರಗಳ ಕಾರ್ಖಾನೆಯಿದೆ. ಒಂಬತ್ತಕ್ಕೆ ಅದು ಶುರುವಾದರೆ ಇಲ್ಲಿ ನೆಲ ಅದುರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಪುಟದ ನಡುವೆ ಬಿಳಿ ಪಟ್ಟಿ ಬೀಳುತ್ತದೆ. ಕಾಗದ ಸಿಕ್ಕಿಕೊಳ್ಳುವುದು, ತಲೆ ಒರೆಸುವುದು ಎಲ್ಲ ಸೇರಿ ಒಂದು ಬೆಳಗ್ಗೆಗೆ ಸುಮಾರು ಆರುನೂರು ಪುಟ. ಮೂಲ ಪುಸ್ತಕಕ್ಕೆ ನೂರ ಎಂಬತ್ತು ಪುಟ. ಅಕ್ಷರ ಹಿಗ್ಗಿಸಿದಾಗ ಆರುನೂರ ನಲವತ್ತಾಗಿ, ಎರಡು ದಪ್ಪ, ಒಂದು ತೆಳು, ಹೀಗೆ ಮೂರು ಸಂಪುಟಕ್ಕೆ ಹಂಚಿಹೋಗುತ್ತದೆ. ಇಪ್ಪತ್ಮೂರು ಮಕ್ಕಳಿಗೆ ಒಟ್ಟು ಹದಿನಾಲ್ಕು ಸಾವಿರದ ಏಳುನೂರ ಇಪ್ಪತ್ತು ಪುಟ.

ಈ ಪ್ರಿಂಟರ್‌ಗಳಿಗೆ ಸ್ವಂತ ಬುದ್ಧಿಯಿಲ್ಲ. ಯಾವ ಚುಕ್ಕಿ ಎಲ್ಲಿ ಬೀಳಬೇಕೆಂದು ಕಂಪ್ಯೂಟರೇ ಹೇಳಬೇಕು. ಅದೂ ತಯಾರಿಸಿದ ಕಂಪನಿಗೆ ಮಾತ್ರ ಗೊತ್ತಿದ್ದ ಭಾಷೆಯಲ್ಲಿ. ಆ ಭಾಷೆ ಬಲ್ಲ ತಂತ್ರಾಂಶ ಹಳೆಯ ಕಂಪ್ಯೂಟರ್‌ಗಳ ಜೊತೆಗೇ ಹೋಯಿತು. ಅಕ್ಕ ಆಪರೇಟರ್ ಆಗಿದ್ದ ಬ್ಯಾಂಕ್ ಶಾಖೆ ಮುಚ್ಚಿದಾಗ ಇಂಥ ಹದಿನಾಲ್ಕು ಪ್ರಿಂಟರ್‌ಗಳು ಈ ಶಾಲೆಯ ಪಾಲಿಗೆ ಬಂದವು. ಕೆಲಸ ಕಳೆದುಕೊಂಡಿದ್ದ ಅಕ್ಕನೂ ಅವುಗಳ ಹಿಂದೆಯೇ ಬಂದರು. ಕಂಪನಿಗೆ ಮೂರು ಪತ್ರ ಬರೆದರು. ಒಂದಕ್ಕೆ ಉತ್ತರ ಬಂತು: ಹೊಸ ಮಾದರಿ ಕೊಳ್ಳಿ.

"ಅವರು ಹೇಳಲ್ಲ ಅಂದ್ರೆ ಮಷೀನನ್ನೇ ಕೇಳೋಣ ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ. ಹಳೆಯ ತಂತ್ರಾಂಶವಿದ್ದ ಕಂಪ್ಯೂಟರ್ ಒಂದು ಮಾತ್ರ, ಇಂದೋ ನಾಳೆಯೋ ಎಂಬಂತೆ, ಇನ್ನೂ ಉಸಿರಾಡುತ್ತಿತ್ತು. "ಖಾಲಿ ಪುಟದಲ್ಲಿ ಒಂದೇ ಒಂದು ಚುಕ್ಕಿ ಇಟ್ಟೆ. ಪ್ರಿಂಟರಿಗೆ ಏನು ಹೋಗುತ್ತೆ ಅಂತ ಫೈಲಲ್ಲಿ ಹಿಡಿದು ನೋಡ್ದೆ. ಚುಕ್ಕಿನ ಪಕ್ಕಕ್ಕೆ ಸರಿಸ್ದೆ, ಮತ್ತೆ ನೋಡ್ದೆ. ಎರಡು ಇಟ್ಟೆ, ಮತ್ತೆ ನೋಡ್ದೆ. ಅಷ್ಟೇ."

ಆ 'ಅಷ್ಟೇ'ಗೆ ಹನ್ನೊಂದು ತಿಂಗಳು ಹಿಡಿಯಿತು. ಒಂದು ಪುಟವೆಂದರೆ ಸುಮಾರು ಮೂರೂವರೆ ಕೋಟಿ ಚುಕ್ಕಿಗಳ ಜಾಗ. ಪುಟದ ಚಿತ್ರವನ್ನು ಚುಕ್ಕಿಗಳಾಗಿ ಒಡೆದು ಪ್ರಿಂಟರಿನ ಭಾಷೆಗೆ ತಿರುಗಿಸುವ ಸಾವಿರದ ನಾನೂರು ಸಾಲಿನ ಪ್ರೋಗ್ರಾಮನ್ನು ಅಕ್ಕ ತಾವೇ ಬರೆದರು. ಮನೆಯಲ್ಲಿ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬ ಪರಿವೆಯೂ ಇರಲಿಲ್ಲವೆಂದು ಗಂಡ ದೂರುತ್ತಾರೆ. ಚುಕ್ಕಿ ಎಂಬ ಅಡ್ಡಹೆಸರಿಟ್ಟವರೂ ಅವರೇ. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿರುವ ಅವರು ಪ್ರಿಂಟರ್‌ಗಳ ರೋಲರ್, ಸ್ಪ್ರಿಂಗ್, ಬೆಲ್ಟುಗಳ ವೈದ್ಯರು. ಹದಿನಾಲ್ಕರಲ್ಲಿ ಏಳನ್ನು ಬಿಚ್ಚಿ ಉಳಿದ ಏಳನ್ನು ಬದುಕಿಸಿಟ್ಟಿದ್ದಾರೆ.

ಕಳೆದ ವಾರದ ಅನಾಹುತವೂ ಅವರದೇ.

ತಲೆ ಎಡದಿಂದ ಬಲಕ್ಕೆ ಹೋಗುವಾಗಲೂ ಮುದ್ರಿಸುತ್ತದೆ, ಬಲದಿಂದ ಎಡಕ್ಕೆ ಬರುವಾಗಲೂ ಮುದ್ರಿಸುತ್ತದೆ. ಎರಡೂ ಓಟ ಕೂದಲೆಳೆಯಷ್ಟು ತಪ್ಪಿದರೆ ನೆಟ್ಟಗಿನ ಗೆರೆ ಮೆಟ್ಟಿಲಾಗುತ್ತದೆ. ಆ ತಪ್ಪು ಯಂತ್ರದಿಂದ ಯಂತ್ರಕ್ಕೆ ಬೇರೆ. ಯಾವುದನ್ನು ಎಷ್ಟು ಚುಕ್ಕಿ ಹಿಂದಕ್ಕೆ ಎಳೆಯಬೇಕೆಂಬ ಸಂಖ್ಯೆಯನ್ನು ಅಕ್ಕ ಆಯಾ ಪ್ರಿಂಟರಿನ ಮುಚ್ಚಳದ ಮೇಲೆ ದಬ್ಬಣದಿಂದ ಕೆತ್ತಿದ್ದರು. ಹೊಸ ಸಂಪುಟ ಶುರುವಾದಾಗಲೆಲ್ಲ ಅದನ್ನು ನೋಡಿ ಕಂಪ್ಯೂಟರಿಗೆ ತುಂಬುತ್ತಾರೆ. ಬೇರೆಲ್ಲೂ ಬರೆದಿಟ್ಟಿರಲಿಲ್ಲ. "ಮುಚ್ಚಳ ಮಷೀನಿನ ಮೇಲೇ ಇರುತ್ತಲ್ಲ, ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ."

ಎರಡು ಸಂಪುಟ ಮುಗಿದಿದ್ದ ಭಾನುವಾರ, ಹೆಂಡತಿಗೆ ಹೇಳದೆ ಖುಷಿಪಡಿಸಲು ಗಂಡ ಏಳೂ ಪ್ರಿಂಟರ್‌ಗಳನ್ನು ಒರೆಸಿದರು. ಮುಚ್ಚಳಗಳನ್ನು ಸೋಪಿನ ನೀರಲ್ಲಿ ತೊಳೆದು ಅಂಗಳದಲ್ಲಿ ಒಣಗಿಸಿದರು. ಕೈಗೆ ಸಿಕ್ಕ ಕ್ರಮದಲ್ಲಿ ಮತ್ತೆ ಕೂರಿಸಿದರು. ಸೋಮವಾರ ಅಕ್ಕ ಮೂರನೆಯ ಸಂಪುಟ ಆರಂಭಿಸಿ ಮುಚ್ಚಳದಲ್ಲಿದ್ದುದನ್ನೇ ತುಂಬಿದರು. ನೆನಪಿರಲಿಲ್ಲವೇ ಎಂದರೆ ಮರುಪ್ರಶ್ನೆ ಬರುತ್ತದೆ: "ನಿಮ್ಮ ಮನೆ ಗಡಿಯಾರದಲ್ಲಿ ಅಂಕಿ ಇದೆಯೋ ಬರೀ ಗೆರೆ ಇದೆಯೋ, ನೋಡದೆ ಹೇಳಿ ನೋಡೋಣ?"

ನಾಲ್ಕು ಬೆಳಗ್ಗೆ, ಎರಡು ಸಾವಿರದ ನಾನೂರು ಪುಟ. ಕಣ್ಣು ಚೆನ್ನಾಗಿರುವ ಯಾರಿಗೂ ಏನೂ ಕಾಣಲಿಲ್ಲ. ಪುಟ ಪರೀಕ್ಷಿಸುವುದು ಈ ಶಾಲೆಯ ನಿವೃತ್ತ ಗಣಿತದ ಮೇಷ್ಟ್ರು. ಅವರಿಗೂ ದೃಷ್ಟಿ ಮಂದ. ಹಾಳೆಯನ್ನು ಮೂಗಿಗೆ ಮೂರು ಬೆರಳು ದೂರದಲ್ಲಿಟ್ಟು, ಭೂತಗನ್ನಡಿ ಹಿಡಿದು ಓದುತ್ತಾರೆ. ತಂಗಿಯ ಮನೆಗೆ ಹೋಗಿದ್ದವರು ಗುರುವಾರ ಮಧ್ಯಾಹ್ನ ಬಂದು ಮೊದಲ ಗ್ರಾಫನ್ನೇ ಕೈಗೆತ್ತಿಕೊಂಡರು.

"ಚುಕ್ಕಿ, ಏನಮ್ಮಾ ಇದು? ಗೆರೆ ಎಳೆದಿದೀಯೋ, ಗರಗಸ ಎಳೆದಿದೀಯೋ?"

ಹಿಂದೆ ನಿಂತಿದ್ದ ಗಂಡ ಮುಚ್ಚಳಗಳತ್ತ ನೋಡಿದರು. "ನಾನು ತೊಳೆದೆ ಕಣೇ. ಎಲ್ಲಾ ಒಂದೇ ಅಚ್ಚಿನ ಮುಚ್ಚಳ, ನನಗೇನು ಗೊತ್ತು?"

"ತೊಳೆದ್ರಲ್ಲ, ಸಂತೋಷ," ಎಂದರಂತೆ ಅಕ್ಕ. "ಈಗ ಕಾಗದದ ಕಟ್ಟು ಹೊತ್ಕೊಂಡು ಬನ್ನಿ."

ರಾತ್ರಿ ಹತ್ತಕ್ಕೆ ಲೇತ್‌ಗಳು ನಿಂತ ಮೇಲೆ ಏಳೂ ಪ್ರಿಂಟರ್‌ಗಳನ್ನು ಹೊಸದಾಗಿ ಅಳೆದರು. ಒಂದೇ ಗೆರೆಯನ್ನು ಸೊನ್ನೆಯಿಂದ ಇಪ್ಪತ್ತರವರೆಗಿನ ತಿದ್ದುಪಡಿಯಲ್ಲಿ ಮುದ್ರಿಸುವುದು, ನೆಟ್ಟಗಿರುವುದನ್ನು ಮೇಷ್ಟ್ರು ಆರಿಸುವುದು. ಎರಡು ಮುಚ್ಚಳ ಅದೃಷ್ಟವಶಾತ್ ಸ್ವಸ್ಥಾನದಲ್ಲೇ ಇದ್ದವು. ಇನ್ನು ನಾಲ್ಕಕ್ಕೆ ಅವುಗಳ ಪ್ರಿಂಟರ್ ಸಿಕ್ಕಿತು. ಕೊನೆಗುಳಿದ ಮುಚ್ಚಳದಲ್ಲಿ ಏಳು ಎಂದಿತ್ತು. ಕೊನೆಗುಳಿದ ನಾಲ್ಕನೆಯ ಪ್ರಿಂಟರ್ ಮಾತ್ರ ಹದಿಮೂರು ಕೇಳುತ್ತಿತ್ತು. ಬೆಲ್ಟ್ ಸವೆದಿತ್ತು. ಮುಚ್ಚಳ ಅದಲುಬದಲಾಗದಿದ್ದರೂ ಆ ಯಂತ್ರ ತಪ್ಪನ್ನೇ ಮುದ್ರಿಸುತ್ತಿತ್ತು. ಆರು ಚುಕ್ಕಿ, ಅಂದರೆ ಕಾಲು ಮಿಲಿಮೀಟರ್.

ಎಂದಿನಿಂದ ಎಂಬ ಪ್ರಶ್ನೆಗೆ ಉತ್ತರ ಬೀರುವಿನಲ್ಲಿತ್ತು. ಕಳೆದ ವರ್ಷ ಹುಡುಗಿಯೊಬ್ಬಳು, ವಿಜ್ಞಾನ ಪುಸ್ತಕದ ಕೆಲವು ಪುಟಗಳಲ್ಲಿ ಅಕ್ಷರಗಳು ನಡುಗುತ್ತವೆ ಎಂದಿದ್ದಳು. ಅವಳ ಕಣ್ಣೇ ಇಳಿದಿರಬೇಕೆಂದು ಎಲ್ಲರೂ ತಿಳಿದರು. ಆಸ್ಪತ್ರೆಗೆ ಕರೆದೊಯ್ದು ಕನ್ನಡಕ ಬದಲಿಸಿದರು. ಅವಳ ಅಮ್ಮ ಎರಡು ವಾರ ಅತ್ತಿದ್ದರು. ಅಕ್ಕ ಆ ಪುಸ್ತಕ ತೆಗೆದರು. ನಡುಗುವ ಪುಟಗಳ ಮೂಲೆಯನ್ನು ಹುಡುಗಿ ಮಡಚಿಟ್ಟಿದ್ದಳು: ಮೂವತ್ತೊಂದು ಪುಟ. ಪ್ರತಿ ಪುಟದ ಅಡಿಯಲ್ಲಿ ಯಾವ ಯಂತ್ರದ್ದೆಂಬ ಸಣ್ಣ ಅಂಕಿಯನ್ನು ಅಕ್ಕನ ಪ್ರೋಗ್ರಾಮ್ ಅಚ್ಚು ಹಾಕುತ್ತದೆ. ಮೂವತ್ತೊಂದರಲ್ಲೂ ಇದ್ದದ್ದು ನಾಲ್ಕು.

"ಅವಳು ಸರಿಯಾಗೇ ಹೇಳಿದ್ಲು. ಬೆರಳಿಟ್ಟು ತೋರಿಸಿದ್ಲು. ನಾವು ಅವಳ ಕಣ್ಣು ನೋಡಿದ್ವಿ, ಪುಟ ನೋಡಲಿಲ್ಲ," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. ಕೈ ಮಾತ್ರ ಕಾಗದ ತುಂಬುವುದನ್ನು ನಿಲ್ಲಿಸುವುದಿಲ್ಲ.

ಲೆಕ್ಕ ದೊಡ್ಡದಾಯಿತು. ನಾಲ್ಕು ದಿನದ ಕೆಟ್ಟ ಪುಟ ಸಾವಿರದ ಏಳುನೂರ ಹತ್ತು. ಇನ್ನೂ ಮುದ್ರಿಸಬೇಕಿದ್ದದ್ದು ನಾನೂರ ಎಂಬತ್ತು. ಮೊದಲೆರಡು ಸಂಪುಟಗಳಲ್ಲಿ ನಾಲ್ಕನೆಯ ಯಂತ್ರ ಮುದ್ರಿಸಿದ್ದು ಸಾವಿರದ ಆರುನೂರ ತೊಂಬತ್ತು. ಆ ಕೊನೆಯದನ್ನು ಬಿಟ್ಟುಬಿಡಲು ಗಂಡ ಹೇಳಿ ನೋಡಿದರು.

"ಕಾಲು ಮಿಲಿಮೀಟರ್ ಯಾರಿಗೆ ಕಾಣುತ್ತೆ ಬಿಡೇ."

"ಕಂಡಿದೆಯಲ್ಲರೀ ಒಬ್ಬಳಿಗೆ."

ಶುಕ್ರವಾರ ಆರುನೂರು, ಶನಿವಾರ ಆರುನೂರು. ಭಾನುವಾರ ಕಾರ್ಖಾನೆಗೆ ರಜೆ. ಬೆಳಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ ಎರಡು ಸಾವಿರದ ಐನೂರ ತೊಂಬತ್ತು. ಗಂಡ ಡಿಪೊಗೆ ರಜೆ ಹಾಕಿ ಬೆಲ್ಟ್ ಬದಲಿಸಲು ಹೊರಟರೆ, ಅಕ್ಕ ತಡೆದರು: "ಈಗ ಅದನ್ನ ಮುಟ್ಟಿದ್ರೆ ನಂಬರ್ ಮತ್ತೆ ಬದಲಾಗುತ್ತೆ. ನೀವು ಪುಟ ಜೋಡಿಸಿ." ಅವರು ಪುಟ ಜೋಡಿಸಿದರು. ಮೇಷ್ಟ್ರು ಪ್ರತಿ ಯಂತ್ರದ ಇಪ್ಪತ್ತಕ್ಕೊಂದು ಪುಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ದಣಿದಾಗ ಮುಚ್ಚಿಕೊಂಡು ಕೂತು, ಮತ್ತೆ ಹಿಡಿದರು.

ಸೋಮವಾರ ಆರೂಕಾಲಿಗೆ ತೊಂಬತ್ತನೆಯ ಪುಟ ಹೊರಬರುತ್ತದೆ. ಹೊಲಿಗೆ, ರಟ್ಟು ಎಲ್ಲ ಮುಗಿದಾಗ ಒಂಬತ್ತೂ ಮುಕ್ಕಾಲು. ಹತ್ತಕ್ಕೆ ಗಂಟೆ ಹೊಡೆಯುತ್ತದೆ. ಮೂಲೆ ಮಡಚಿದ್ದ ಹುಡುಗಿ ಮೂರನೆಯ ಬೆಂಚಿನಲ್ಲಿ ಕುಳಿತು ಮೂರನೆಯ ಸಂಪುಟ ತೆರೆಯುತ್ತಾಳೆ. ಮೊದಲು ನೋಡುವುದು ಪುಟದ ಅಡಿಯ ಅಂಕಿಯನ್ನು. ಯಾಕೆಂದು ಅಕ್ಕ ರಜೆಯಲ್ಲೇ ಅವಳ ಮನೆಗೆ ಫೋನ್ ಮಾಡಿ ಹೇಳಿದ್ದರು, ತಪ್ಪಾಯ್ತು ಎಂದೂ ಹೇಳಿದ್ದರು. ನಾಲ್ಕು ಎಂದಿರುವ ಪುಟವೊಂದನ್ನು ಹುಡುಕಿ, ಗ್ರಾಫಿನ ಗೆರೆಯ ಮೇಲೆ ಭೂತಗನ್ನಡಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಜಾರಿಸುತ್ತಾಳೆ.

"ಅಕ್ಕಾ, ನಿಂತಿದೆ," ಎನ್ನುತ್ತಾಳೆ. "ಅಲ್ಲಾಡ್ತಿಲ್ಲ."

"ನೋಡು, ಅಲ್ಲಾಡಿದ್ರೆ ಮೂಲೆ ಮಡಚು. ನನಗೇ ತಂದು ತೋರಿಸು."

ಪತ್ರಿಕೆಯ ಈ ಪುಟಕ್ಕೆ ಅವರ ಚಿತ್ರ ಬೇಕೆಂದಾಗ ಅಕ್ಕ ಒಪ್ಪುವುದಿಲ್ಲ. ಕೈಯೆಲ್ಲ ಮಸಿ ಎನ್ನುತ್ತಾರೆ. ಆಮೇಲೆ ಏನೋ ನೆನಪಾದಂತೆ ಕೇಳುತ್ತಾರೆ: "ಫೋಟೊ ಹಾಕೋ ಜಾಗದಲ್ಲಿ ಒಂದು ಸಾಲು ಹಾಕ್ತೀರಾ? ಪೇಪರ್ ಒಂದು ಪ್ರತಿ ಎತ್ತಿಡ್ತೀನಿ. ಇವರು ಮತ್ತೆ ತೊಳೆಯೋಕೆ ಹೊರಟ್ರೂ ಭಯ ಇರಲ್ಲ."

ಅವರು ಹೇಳಿದಂತೆಯೇ, ಒಂದರಿಂದ ಏಳರವರೆಗೆ: ಆರು, ಹನ್ನೊಂದು, ನಾಲ್ಕು, ಹದಿಮೂರು, ಒಂಬತ್ತು, ಎರಡು, ಎಂಟು.