ಗಿರಿಜಕ್ಕ ಉಸಿರೆತ್ತಿದ್ದು

ಲಿಫ್ಟು ಕೆಟ್ಟಾಗ ಮನುಷ್ಯರ ಸ್ವಭಾವ ತಿಳಿಯುತ್ತದೆ ಎಂದರೆ ನೀವು ನಗಬಹುದು. ಪುಣೆಯ ಖರಾಡಿಯಲ್ಲಿ ನಾವು ಹೊಸದಾಗಿ ಹಿಡಿದ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಸುತ್ತಲೂ ಗಾಜಿನ ಆಫೀಸುಗಳು ಏಳುತ್ತಿದ್ದ ವರ್ಷಗಳವು. ಕರೆಂಟು ಹೋದಾಗಲೆಲ್ಲ ಲಿಫ್ಟು ಹೋಗುತ್ತಿತ್ತು, ಕರೆಂಟು ಬಂದ ಮೇಲೂ ಒಮ್ಮೊಮ್ಮೆ ಬರುತ್ತಿರಲಿಲ್ಲ. ಅಂಥದೊಂದು ವಾರ ನನ್ನ ನೆಗೆಣ್ಣಿ ಗಿರಿಜಕ್ಕ ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು ಅವರಿವರನ್ನು ಮಾತಾಡಿಸತೊಡಗಿದಳು. ಮೊದಲ ಮಹಡಿಯಲ್ಲಿ ಯಾರದೋ ತುಳಸಿ ಗಿಡದ ಯೋಗಕ್ಷೇಮ; ಎರಡನೆಯದರಲ್ಲಿ, ನೀರಿನ ಟ್ಯಾಂಕಿನ ಜಗಳದ ನಂತರ ಮುಖ ತಿರುವಿಕೊಂಡು ಓಡಾಡುತ್ತಿದ್ದ ಮರಾಠಿ ಹೆಂಗಸಿನ ಹತ್ತಿರ ನಿಂಬೆಕಾಯಿ ಉಪ್ಪಿನಕಾಯಿಯ ವಿಚಾರಣೆ. ಜಡ್ಡು ಮನುಷ್ಯರನ್ನು ಇಷ್ಟು ಮೆತ್ತಗೆ ಮಾಡುತ್ತದೆಯೇ ಎಂದು ಹಿಂದೆ ನಿಂತಿದ್ದ ನಾನು ಬೆರಗಾದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಬೇರೆ. ಅಕ್ಕ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಮಾತೆಲ್ಲ ಎದುರಿನವರದು. ಅವರು ಮಾತಾಡಿ ಮುಗಿಸುವತನಕ ಅವಳು ಕಟಕಟೆಯ ಸರಳು ಬಿಗಿಯಾಗಿ ಹಿಡಿದು, ಬಾಯಿ ಅರೆ ತೆರೆದು, ತಲೆಯಾಡಿಸುತ್ತ ನಿಂತಿರುತ್ತಿದ್ದಳು.

ಗಿರಿಜಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಜಮಖಂಡಿಯಿಂದ ಪುಣೆಗೆ ಬಂದು ಸ್ಟೀಲು ಪಾತ್ರೆಗಳ ಅಂಗಡಿ ಹಾಕಿದವರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವಳ ಜೊತೆಗಿನ ಪ್ರತಿ ಮಾತಿಗೂ ‘ರೀ’ ಹಚ್ಚುತ್ತಿದ್ದೆ. ಒಂದೇ ಒಲೆಯ ಮುಂದೆ ವರ್ಷಗಳು ಕಳೆದಂತೆ ಅದು ತಾನಾಗಿ ಉದುರಿಹೋಯಿತು. ತಂಬಾಕಿನ ವಾಸನೆಯನ್ನೂ ಸಹಿಸದ ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಾಗ, ಆಪರೇಷನ್ನಿನ ಹಂತ ದಾಟಿದೆ ಎಂದು ಡಾಕ್ಟರು ಹೇಳಿದಾಗ, ಮನೆಯಲ್ಲಿ ಯಾರಿಗೂ ಅಳುವುದಕ್ಕೂ ತಿಳಿಯಲಿಲ್ಲ. ಅವಳಿಗೆ ಬರೆದುಕೊಟ್ಟದ್ದು ಆಗ ಹೊಸದಾಗಿ ಬಂದಿದ್ದ ಒಂದು ಗುಳಿಗೆ. ಕಂಡಕಂಡ ಜೀವಕೋಶಗಳನ್ನೆಲ್ಲ ಸುಡದೆ, ಗಡ್ಡೆಯನ್ನು ಬೆಳೆಸುವ ಒಂದು ಸಂಕೇತವನ್ನೇ ಗುರಿಯಿಟ್ಟು ತಡೆಯುವ ಔಷಧ ಎಂದು ಡಾಕ್ಟರು ವಿವರಿಸಿದ್ದರು. ದಿನಕ್ಕೊಂದು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ನುಂಗಿ ಒಂದು ತಾಸು ಏನೂ ತಿನ್ನಬಾರದು. ತಪ್ಪಿದರೆ ಮರುದಿನ ಎರಡು ನುಂಗಬಾರದು. ಕೇಳದೆ ಪಿತ್ತದ ಗುಳಿಗೆಯನ್ನಾಗಲಿ ಯಾರೋ ಕೊಟ್ಟ ಕಷಾಯವನ್ನಾಗಲಿ ಸೇರಿಸಬಾರದು. ಶಿರೂರಿನ ಬೀಗರು ಕಳಿಸಿದ ಬೇರಿನ ಪುಡಿ ಆ ಕಾರಣಕ್ಕೇ ಬಿಚ್ಚದೆ ಕಪಾಟಿನಲ್ಲಿ ಕೂತಿತ್ತು.

ನಿಮಗೆ ಹೇಳಿದರೆ ಅತಿಶಯೋಕ್ತಿ ಅನಿಸೀತು, ಒಂದು ತಿಂಗಳೊಳಗೆ ಕೆಮ್ಮು ಅಡಗಿತು. ಮೂರು ದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದವಳು ಅಂಗಾತ ಮಲಗಿದಳು. ಮುಖದ ತುಂಬ ಮೊಡವೆಯಂಥ ಗುಳ್ಳೆ ಎದ್ದವು, ಉಗುರಿನ ಸಂದು ಒಡೆದು ರೊಟ್ಟಿ ಬಡಿಯಲಾಗದೆ ಹೋಯಿತು, ಹೊಟ್ಟೆ ಕೆಟ್ಟಿತು. ಅವೆಲ್ಲಕ್ಕೂ ಡಾಕ್ಟರು ಮದ್ದು ಕೊಟ್ಟರು, ಅವಳು ನಗುತ್ತಲೇ ತಾಳಿಕೊಂಡಳು. ಆ ಗುಳಿಗೆಯನ್ನು ಅವಳು ಕಣ್ಣಿಗೊತ್ತಿಕೊಂಡು ನುಂಗುವುದನ್ನು ನಾನು ನೋಡಿದ್ದೇನೆ. ಆದರೆ ಮೊದಲ ದಿನವೇ ಡಾಕ್ಟರು ಬೆರಳೆತ್ತಿ ಒಂದು ಮಾತು ಹೇಳಿದ್ದರು: ಗುಳ್ಳೆ, ಭೇದಿಗೆ ಹೆದರಬೇಡಿ, ಅವನ್ನು ಸಂಭಾಳಿಸಬಹುದು, ಹೊಸದಾಗಿ ಉಸಿರಾಟದ ತೊಂದರೆ, ಒಣ ಕೆಮ್ಮು, ಜ್ವರ ಕಂಡರೆ ಮಾತ್ರ ಗುಳಿಗೆ ನಿಲ್ಲಿಸಿ ಅದೇ ದಿನ ಬನ್ನಿ.

ಆ ಮಾತು ನೆನಪಾದದ್ದು ನಾಲ್ಕನೆಯ ಮಹಡಿಯ ಬಾಗಿಲಲ್ಲಿ. ಬೆಳಗಿನ ದೇವಸ್ಥಾನ ಮುಗಿಸಿ ಹತ್ತಿ ಬಂದಿದ್ದೆವು. ಅಕ್ಕ ಚಪ್ಪಲಿ ಬಿಡುವ ಮೊದಲೇ ಕುರ್ಚಿಯ ಮೇಲೆ ಕುಸಿದಳು. ನಂತರ ಏನೂ ಆಗದವಳಂತೆ ಎದ್ದು, ನೀರು ತುಂಬಿಕೊಂಡು, ಗುಳಿಗೆಯನ್ನು ಅಂಗೈಗೆ ಸುರಿದುಕೊಂಡಳು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ನಾನು ಅವಳ ಕೈ ಹಿಡಿದೆ; ಬಿಸಿಯಾಗಿತ್ತು.

“ಅಕ್ಕಾ, ಖರೇ ಹೇಳು. ದಮ್ಮು ಹತ್ತತದಲ್ಲ?”

ಅವಳು ದೇವರ ಕೋಣೆಯತ್ತ ನೋಡಿದಳು. ಒಳಗೆ ಭಾವ ಪೂಜೆಗೆ ಕೂತಿದ್ದರು. “ಯಾರ ಮುಂದೂ ಉಸಿರೆತ್ತಬ್ಯಾಡ,” ಎಂದಳು, ಎರಡು ಮೂರು ತುಂಡು ಮಾಡಿ. “ಹೇಳಿದ್ರ ಗುಳಿಗಿ ಕಸಗೋತಾರ. ಇದು ಹೋದ್ರ ನನಗ ಇನ್ನೇನದ? ನನ್ನ ಆಣಿ ಅದ ನೋಡು.”

ಉಸಿರು ಸಿಗದವಳು ನನಗೆ ಉಸಿರೆತ್ತಬೇಡ ಎನ್ನುತ್ತಿದ್ದಳು. ಉಸಿರು ಎಂದರೆ ಪ್ರಾಣವೂ ಹೌದು, ಮಾತೂ ಹೌದು. ನಮ್ಮ ಭಾಷೆ ಅವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದು ಯಾಕೆಂದು ಆ ಗಳಿಗೆಯಲ್ಲಿ ನನಗೆ ಅರ್ಥವಾಯಿತು. ಭಯ ಮನುಷ್ಯರ ಬಾಯಿ ಕಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. ಆಸೆ ಅದಕ್ಕಿಂತ ಬಿಗಿಯಾಗಿ ಕಟ್ಟುತ್ತದೆ. ಸಾಯುತ್ತೇನೆಂದು ಹೆದರಿದ್ದಾಗ ಚಿಕ್ಕ ನೋವನ್ನೂ ಹೇಳಿಕೊಳ್ಳುತ್ತಿದ್ದ ಅಕ್ಕ, ಬದುಕುತ್ತೇನೆ ಅನಿಸಿದ ಮೇಲೆ ಮುಚ್ಚಿಡಲು ಕಲಿತಿದ್ದಳು. ನನಗೂ ಹೆದರಿಕೆಯಾಯಿತು. ಅಂಗಾತ ಮಲಗುವ ನಿದ್ದೆಯನ್ನು ಮರಳಿ ಕೊಟ್ಟ ಔಷಧವನ್ನು ಅವಳ ಕೈಯಿಂದ ಬಿಡಿಸುವವಳು ನಾನೇ ಆಗಬೇಕೇ? ಇದು ಬರೀ ನೆಗಡಿಯಾಗಿದ್ದರೆ?

ಆದರೂ ಬಿಡಲಿಲ್ಲ. ಒಂದು ಕೈಯಲ್ಲಿ ಅವಳ ಮುಂಗೈ ಹಿಡಿದೇ ಇನ್ನೊಂದರಿಂದ ಆಸ್ಪತ್ರೆಗೆ ಫೋನ್ ಹಚ್ಚಿದೆ. ನರ್ಸು ಮರಾಠಿಯಲ್ಲಿ ಎಂದಿನಿಂದ, ಕಫ ಇದೆಯೇ, ಜ್ವರವೇ ಎಂದು ಕೇಳಿ, ಈ ದಿನದ ಗುಳಿಗೆ ಕೊಡಬೇಡಿ, ಈಗಲೇ ಕರೆತನ್ನಿ ಎಂದಳು. ಮಾತು ಕೇಳಿಸಿಕೊಂಡು ಭಾವ ಹೊರಗೆ ಬಂದರು. ಇದೊಂದು ನುಂಗಿಯೇ ಬರುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಅಂಗಡಿಯಲ್ಲಿ ಗಿರಾಕಿಗಳ ಎದುರೂ ದನಿ ಎತ್ತದ ಭಾವ ಅವಳ ಮುಂದೆ ನೆಲದ ಮೇಲೆ ಕೂತರು.

“ಗಿರಿಜಾ, ಗುಳಿಗಿ ನಾ ಮತ್ತ ತರತೀನಿ. ಉಸಿರು ಎಲ್ಲಿಂದ ತರಲಿ?”

ಅವಳ ಮುಷ್ಟಿ ಸಡಿಲಾಯಿತು.

ಲಿಫ್ಟು ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಭಾವ ಒಂದು ಕಡೆ, ವಾಚ್‌ಮನ್ ಇನ್ನೊಂದು ಕಡೆ ಹಿಡಿದು ಇಳಿಸಿದರು. ನಗರ ರಸ್ತೆಯಲ್ಲಿ ಲಾರಿಗಳ ನಡುವೆ ರಿಕ್ಷಾ ತೆವಳುವಾಗ ಅಕ್ಕನ ತುಟಿಯ ಬಣ್ಣ ನೋಡುತ್ತ ಕೂತಿದ್ದೆ. ಅವಳು ನನ್ನತ್ತ ನೋಡಲಿಲ್ಲ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರ ತೋರಿಸಿದ ಅಂಕಿ ಕಂಡ ಕೂಡಲೇ ಆಕ್ಸಿಜನ್ ಹಚ್ಚಿದರು, ಸ್ಕ್ಯಾನಿಗೆ ಒಯ್ದರು. ಸಂಜೆ ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕರೆದು ಹೇಳಿದ್ದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಬಹಳ ಹೊತ್ತು ತಿಳಿಯಲಿಲ್ಲ. ಗಡ್ಡೆ ಕುಗ್ಗಿತ್ತು. ಆದರೆ ಶ್ವಾಸಕೋಶಗಳ ಮೇಲೆಲ್ಲ ಮಂಜು ಕವಿದಂತೆ ಬಿಳುಪು. ಸೋಂಕಿನ ಲಕ್ಷಣವಿಲ್ಲ, ಗುಳಿಗೆಯಿಂದಲೇ ಆದ ಉರಿಯೂತವಿರಬೇಕು. ವಿರಳ, ಆದರೆ ಆಗುತ್ತದೆ. ಇನ್ನೆರಡು ದಿನ ನುಂಗಿದ್ದರೆ ನಮ್ಮ ಕೈ ಮೀರುತ್ತಿತ್ತು, ಈ ಗುಳಿಗೆಯನ್ನು ಇವರಿಗೆ ಇನ್ನೆಂದೂ ಕೊಡುವಂತಿಲ್ಲ ಎಂದರು. ಭಾವ ಕೈಮುಗಿದರು, ಯಾತಕ್ಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ಸ್ಟೀರಾಯ್ಡಿನ ಇಂಜೆಕ್ಷನ್ನು, ಮುಖಕ್ಕೆ ಕಟ್ಟಿದ ಮಾಸ್ಕು, ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುವ ನರ್ಸುಗಳು. ಏಳುತ್ತ ಬೀಳುತ್ತ ಆ ಅಂಕಿಗಳು ನಿಧಾನಕ್ಕೆ ಮೇಲೆ ಹತ್ತಿದವು. ಮಾಸ್ಕು ತೆಗೆದ ಮೇಲೂ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು, ಜಡೆ ಹೆಣೆದರೆ ಹೆಣೆಸಿಕೊಳ್ಳುತ್ತಿದ್ದಳು, ಮುಖ ಮಾತ್ರ ಕಿಟಕಿಯ ಕಡೆಗೆ. ಆಣೆ ಮುರಿದವಳ ಮೇಲಿನ ಸಿಟ್ಟೋ, ಕಳೆದುಕೊಂಡ ಗುಳಿಗೆಯ ದುಃಖವೋ, ನಾನು ಕೇಳಲಿಲ್ಲ. ಬದುಕಿ ಉಳಿದವರು ನಮಗೆ ಕೃತಜ್ಞರಾಗಿರಬೇಕು ಎಂದು ಬಯಸುವುದು ಸುಲಭ. ಅವರು ಏನನ್ನು ಕೊಟ್ಟು ಉಳಿದರು ಎಂಬುದನ್ನು ನಾವು ಎಣಿಸುವುದಿಲ್ಲ. ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಕೂದಲು ಉದುರಿಸುವ ಕೀಮೋ ಶುರುವಾಯಿತು. ಅದನ್ನು ಅವಳು ಕಣ್ಣಿಗೊತ್ತಿಕೊಳ್ಳಲಿಲ್ಲ, ಶಪಿಸಲೂ ಇಲ್ಲ. ಬಾಡಿಗೆ ಮನೆಯಲ್ಲಿ ಇದ್ದಂತೆ ಅದರ ಜೊತೆ ಇದ್ದಳು. ಕ್ರಮೇಣ ಮಾತು ಮರಳಿತು, ಮೊದಲು ಅಡಿಗೆಯ ವಿಷಯದಲ್ಲಿ, ಆಮೇಲೆ ಉಳಿದದ್ದರಲ್ಲಿ. ಆ ದಿನದ ಪ್ರಸ್ತಾಪ ಮಾತ್ರ ಇಬ್ಬರೂ ಎತ್ತಲಿಲ್ಲ.

ಮರುವರ್ಷದ ಚಳಿಗಾಲ, ಒಂದು ಮಧ್ಯಾಹ್ನ ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆವು. ಭಾವನೂ ನನ್ನ ಗಂಡನೂ ಅಂಗಡಿಯಲ್ಲಿದ್ದರು. ಅಕ್ಕ ಸೊಪ್ಪಿನಿಂದ ಕಣ್ಣೆತ್ತದೆ, ಉಪ್ಪು ಮುಗಿದಿದೆ ಎನ್ನುವಷ್ಟು ಸಾಧಾರಣ ದನಿಯಲ್ಲಿ ಹೇಳಿದಳು:

“ಮುಂಜಾನಿಯಿಂದ ಎದಿ ಬಿಗೀತದ. ದವಾಖಾನಿಗೆ ಫೋನ್ ಹಚ್ಚು.”

ಎದೆಯಲ್ಲಿ ನೀರು ತುಂಬಿತ್ತೆಂದು ಆಮೇಲೆ ತಿಳಿಯಿತು. ಹೊತ್ತಿಗೆ ಸರಿಯಾಗಿ ತೆಗೆದರು, ಅವಳು ಇನ್ನೂ ಒಂದು ದೀಪಾವಳಿ ಕಂಡಳು. ಆದರೆ ಆ ಗಳಿಗೆಯಲ್ಲಿ ನನಗೆ ಅದೇನೂ ಗೊತ್ತಿರಲಿಲ್ಲ. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನಿನ ಕಡೆಗೆ ನಡೆದೆ. ಆದರೂ, ನಂಬಿ, ಕೆಟ್ಟ ಸುದ್ದಿಯೊಂದನ್ನು ಕೇಳಿ ನನಗೆ ಅಷ್ಟು ನೆಮ್ಮದಿಯಾದದ್ದು ಅದೊಂದೇ ಸಲ.